ರಾಜಬಿಯ ಗಾದಿ, ನಮ್ಮ ಪೇಟೆಯ ನಿದ್ದೆ

ನಮ್ಮ ಪೇಟೆಯಲ್ಲಿ ತಮ್ಮ ಸರಕನ್ನು ತಾವೇ ಹೊಗಳಿಕೊಂಡವರ ಸರಕು ಉಳಿದದ್ದಿಲ್ಲ. ಹಾಲಿನವನು ‘ನನ್ನ ಹಾಲು ಗಟ್ಟಿ’ ಎಂದನೋ, ಕೊಡದಲ್ಲೇ ಹಾಲು ಒಡೆಯಿತು. ಬೀಗದ ತಿಪ್ಪಣ್ಣ ಒಂದು ಸಲ ಮೈಮರೆತು ‘ನನ್ನ ಬೀಗ ಕಂಡರೆ ಕಳ್ಳ ಅತ್ತುಕೊಂಡು ಹೋಗಬೇಕು’ ಎಂದುಬಿಟ್ಟ. ಗೋಡೆಗೆ ತೂಗುಹಾಕಿದ್ದ ಬೀಗಗಳೆಲ್ಲ ಟಕಟಕ ಬಾಯಿ ತೆರೆದುಕೊಂಡವು. ಬೇರೆಯವರ ಮಾತೇಕೆ, ಅಕ್ಕಿ ಹುರಿದು ಚುರುಮುರಿ ಮಾಡುವ ಭಟ್ಟಿಯ ನೀಲವ್ವ ಎಂಬ ನನ್ನದೇ ಸುದ್ದಿ ಕೇಳಿ. ನನ್ನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ, ತಿಪ್ಪಣ್ಣನ ಕೈಯಲ್ಲೂ ಆಗಿಲ್ಲ. ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ‘ನಮ್ಮ ಚುರುಮುರಿಯಷ್ಟು ಗರಿಗರಿ ಯಾವ ಸೀಮೆಯಲ್ಲೂ ಸಿಗುವುದಿಲ್ಲ’ ಎಂದದ್ದೇ ತಡ, ಭಟ್ಟಿಯ ಮುಂದಿನ ರಾಶಿಯೆಲ್ಲ ಮಳೆಯಲ್ಲಿ ನೆನೆದ ಹಾಗೆ ಮೆತ್ತಗಾಯಿತು. ನಮ್ಮತ್ತೆ ಆವತ್ತು ಬೈದ ಬೈಗುಳವನ್ನು ನಾಲ್ಕು ಜನರ ಮುಂದೆ ಹೇಳುವ ಹಾಗಿಲ್ಲ.

ಅದಕ್ಕೇ ನಮ್ಮಲ್ಲಿ ಒಬ್ಬರ ಸರಕಿಗೆ ಇನ್ನೊಬ್ಬರು ಕೂಗು ಕೊಡುತ್ತೇವೆ. ಬಳೆಗಾರ ಗುರುಸಂಗಪ್ಪನ ಬಳೆಗೆ ಕೂಗು ನನ್ನದು. ಚಹಾದಂಗಡಿಯ ಜಂಬಣ್ಣನ ಚಹಾಕ್ಕೆ ಗುರುಸಂಗಪ್ಪ ಕೂಗುತ್ತಾನೆ, ತಿಪ್ಪಣ್ಣನ ಬೀಗಕ್ಕೆ ಜಂಬಣ್ಣ. ನನ್ನ ಚುರುಮುರಿಗೆ ತಿಪ್ಪಣ್ಣ ಕೂಗುತ್ತಿದ್ದ. ಅವನ ಗಂಟಲೋ, ಎಣ್ಣೆ ಕಾಣದ ಕದ. ಏನು ಮಾಡುವುದು, ಪಾಲಿಗೆ ಬಂದದ್ದು ಪಂಚಾಮೃತ. ಆದರೆ ಒಂದು ಮಾತು: ತಾನು ಉಣ್ಣದ್ದಕ್ಕೆ, ಉಡದ್ದಕ್ಕೆ, ಬಳಸದ್ದಕ್ಕೆ ನಮ್ಮವರು ಯಾರೂ ಕೂಗು ಕೊಡುವುದಿಲ್ಲ. ಸುಳ್ಳು ಕೂಗಿದರೆ ಸರಕೇನೂ ಕೆಡುವುದಿಲ್ಲ, ಕೂಗಿದವನ ಮುಖ ಕೆಡುತ್ತದೆ.

ಇನ್ನೊಂದನ್ನೂ ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಅಂಗಡಿಯಲ್ಲಿ ಯಾರಿಗೆ ಪಾಲಿದೆಯೋ ಅವರೆಲ್ಲರ ಹೊಗಳಿಕೆಯೂ ಇಲ್ಲಿ ಸ್ವಂತ ಹೊಗಳಿಕೆಯೇ. ಜಂಬಣ್ಣನ ಅಳಿಯ ಒಂದು ದಿನ ಕಟ್ಟೆಯ ಮೇಲೆ ಕೂತು ‘ಮಾವನ ಚಹಾ ಅಂದ್ರೆ ಚಹಾ’ ಎಂದ. ಒಲೆಯ ಮೇಲಿನ ಹಾಲು ಬುಸ್ಸೆಂದು ಒಡೆಯಿತು. ಮಾವ ಗುಟ್ಟಾಗಿ ಅಳಿಯನಿಗೆ ಅಂಗಡಿಯಲ್ಲಿ ಪಾಲು ಕೊಟ್ಟದ್ದು ಜಂಬಣ್ಣನ ಹೆಂಡತಿಗೆ ಗೊತ್ತಾದದ್ದು ಹಾಗೆ. ಆ ವಾರವಿಡೀ ಅವರ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಇಂಥ ಪೇಟೆಗೆ ರಾಜಬಿ ಬಂದಳು. ಅವರು ಹತ್ತಿ ಹಿಂಜಿ ಗಾದಿ ಮಾಡುವ ಮನೆತನದವರು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯ ಹಿತ್ತಿಲಲ್ಲಿ ಕೂತು ವರ್ಷಗಟ್ಟಲೆ ಅರಳೆ ಹಿಂಜಿದವಳು ಅವಳು. ಹಿಂಜುವವಳು ಇವಳು, ತುಂಬಿ ಹೊಲಿಯುವವಳು ಇವಳು; ಮುಂದಿನ ಅಂಗಡಿಯಲ್ಲಿ ಮಾರಾಟವಾಗುತ್ತಿದ್ದದ್ದು ಮಾತ್ರ ಅಣ್ಣ ದಸ್ತಗೀರಸಾಬನ ಗಾದಿ ಎಂದು. ಅವಳಿಗೆ ಒಂದೇ ಹಂಬಲ: ತನ್ನದು ಎನ್ನುವ ಒಂದು ಅಂಗಡಿ. ಹೇಗೋ ಅಣ್ಣನನ್ನು ಒಪ್ಪಿಸಿ ಬಂದಿದ್ದಳು. ಚಕ್ಕಡಿಯಿಂದ ಸಾಮಾನು ಇಳಿಸುತ್ತ ಆ ಅಣ್ಣ ಪೇಟೆಗೆಲ್ಲ ಕೇಳುವ ಹಾಗೆ ಹೇಳಿದ್ದನ್ನು ನಾನು ಭಟ್ಟಿಯ ಮುಂದೆ ನಿಂತು ಈ ಕಿವಿಯಿಂದ ಕೇಳಿದ್ದೇನೆ.

“ಚಳಿ ಬೀಳೂತನಕ ನೋಡ್ತೀನಿ, ರಾಜಬಿ. ಅಂಗಡಿ ನಡೀತು, ಛಲೋ ಆತು. ನಡೀಲಿಲ್ಲಂದ್ರ ಸುಮ್ಮನ ಚಕ್ಕಡಿ ಹತ್ತಬೇಕು, ಹಿತ್ತಲಕ್ಕ ಬರಬೇಕು. ಇನ್ನೊಂದು ತಿಳಕೋ. ಈ ಅರಳಿ ಹಿಂಜೂ ಬಿಲ್ಲು ಅಪ್ಪಂದು. ಅಪ್ಪಂದು ಅಂದ್ರ ನನ್ನದು. ನೀ ಕುಂತಿ ಅಂತ ಅಂಗಡಿ ನಿನ್ನದಾಗೂದಿಲ್ಲ.”

ರಾಜಬಿ ತಲೆ ಎತ್ತಲಿಲ್ಲ. “ಆತು ಅಣ್ಣಾ” ಎಂದಳು. ಆ ದನಿ ಇತ್ತಲ್ಲ, ಪಕ್ಕದಲ್ಲಿ ನಿಂತ ಎತ್ತಿಗೂ ಕೇಳಿಸಿರಲಿಕ್ಕಿಲ್ಲ.

ಅಂಗಡಿ ತೆರೆದ ದಿನವೇ ಎಡವಟ್ಟಾಯಿತು. ಪೇಟೆಯ ನಿಯಮವನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ನಮಗದು ಉಸಿರಾಡಿದ ಹಾಗೆ, ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಗುರುಸಂಗಪ್ಪ ಕುತೂಹಲಕ್ಕೆ ಹೋಗಿ, “ಹೆಂಗದಾವ್ರಿ ಗಾದಿ?” ಎಂದು ಕೇಳಿದ. ಪಾಪ, ಅವಳು ಮೊದಲ ಗಿರಾಕಿಯೆಂಬ ಹಿಗ್ಗಿನಲ್ಲಿ, “ನನ್ನ ಗಾದಿ ಹೂವಿನಂಗ ಮೆತ್ತಗದಾವ್ರಿ ಯಣ್ಣಾ, ಮಲಗಿದವರು ಏಳಂಗಿಲ್ಲ” ಎಂದಳು. ಗುರುಸಂಗಪ್ಪ ಧೊಪ್ಪೆಂದು ಕೂತ. “ಯಪ್ಪಾ, ಸೊಂಟ ಹೋತೋ!” ಎಂದು ಅವನು ಹೊಡೆದ ಬೊಬ್ಬೆಗೆ ಇಡೀ ಪೇಟೆ ಓಡಿಬಂತು. ಅಂಗಡಿಯಲ್ಲಿದ್ದ ಗಾದಿಗಳೆಲ್ಲ ಅಗಸರ ಬಂಡೆಯ ಹಾಗೆ ಗಟ್ಟಿಯಾಗಿದ್ದವು.

ಜನ ಚದುರಿದ ಮೇಲೆ ನಾನು ಒಳಗೆ ಹೋದೆ. ಅವಳು ಗಾದಿಯ ಹೊಲಿಗೆ ಬಿಚ್ಚಿ, ಗಂಟುಗಂಟಾದ ಅರಳೆಯನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದಳು. “ನನ್ನ ಕೈಗುಣಾನ ಹೋತೇನ್ರಿ ಅಕ್ಕಾರ?” ಎಂದಳು. ನನಗೆ ಸಿಟ್ಟು ಏರಿತು, ಯಾರ ಮೇಲೆ ಎಂದು ಗೊತ್ತಾಗದೆ ಅವಳ ಮೇಲೇ ಹಾಕಿದೆ.

“ಅಳಬ್ಯಾಡ, ಅರಳಿ ತೊಯ್ದಾವು. ನಿನ್ನ ಕೈ ಕೆಟ್ಟಿಲ್ಲವ್ವ, ಬಾಯಿ ಕೆಟ್ಟೈತಿ. ಈ ಊರಾಗ ತನ್ನದು ತಾ ಹೊಗಳಬಾರದು” ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ.

ಅವಳು ಮೂಗು ಒರೆಸಿಕೊಂಡು ಕೇಳಿದಳು: “ಹಂಗಾದ್ರ ನನ್ನ ಗಾದಿಗೆ ಕೂಗು ಯಾರು ಕೊಡ್ತಾರ?”

“ನಾ ಅದೀನಲ್ಲ! ಗುರುಸಂಗಪ್ಪನ ಬಳೆ ಜೊತಿಗೆ ನಿನ್ನ ಗಾದೀನೂ ಕೂಗ್ತೀನಿ. ನೀ ನನ್ನ ಚುರುಮುರಿ ಕೂಗು. ತಿಪ್ಪಣ್ಣನ ಗಂಟಲದಿಂದ ನನಗೂ ಬಿಡುಗಡಿ ಆಗಲಿ.”

ಕೂಗುವುದೆಂದರೆ ಅವಳಿಗೆ ಎಲ್ಲಿ ಬರಬೇಕು? ಅಣ್ಣನ ಮನೆಯಲ್ಲಿ ಅವಳ ದನಿ ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ. ಮರುದಿನ ನನ್ನ ಭಟ್ಟಿಯ ಮೆಟ್ಟಿಲ ಮೇಲೆ ನಿಂತು ಸೆರಗು ಕಚ್ಚಿಕೊಂಡು, “ಚುರುಮುರಿ... ಬಿಸಿ ಚುರುಮುರಿ...” ಎಂದಳು. ಸತ್ತವರ ಮನೆಯಲ್ಲಿ ಮಾತಾಡುವವರೂ ಅದಕ್ಕಿಂತ ಜೋರಾಗಿ ಮಾತಾಡುತ್ತಾರೆ. “ಏ ತಂಗೀ, ಇಷ್ಟು ಮೆತ್ತಗ ಕೂಗಿದ್ರ ಕೇಳಿ ಕೇಳಿ ನನ್ನ ಚುರುಮುರೀನೂ ಮೆತ್ತಗಾಗತಾವ!” ಎಂದೆ. ಜಂಬಣ್ಣ ಬಿದ್ದು ಬಿದ್ದು ನಕ್ಕ. ಅವಳೂ ನಕ್ಕಳು. ಅವಳು ನಗುವುದನ್ನು ನಾವು ಮೊದಲು ಕಂಡದ್ದು ಆಗ. ದಿನದಿಂದ ದಿನಕ್ಕೆ ದನಿ ಒಂದೊಂದೇ ಅಂಗಡಿಯನ್ನು ದಾಟುತ್ತ ಬಂತು, ಆದರೆ ಚಹಾದಂಗಡಿಯ ಆಚೆಗೆ ಹೋಗಲಿಲ್ಲ.

ಈಗ ನನ್ನ ಸರದಿ. ಗಾದಿಗಳನ್ನು ಅವಳು ಮತ್ತೆ ಹಿಂಜಿ ತುಂಬಿದ್ದಳು. ಆದರೆ ನಾನು ಹುಟ್ಟಿದಾಗಿನಿಂದ ಚಾಪೆ ಬಿಟ್ಟು ಮಲಗಿದವಳಲ್ಲ. ನಮ್ಮ ಊರಿನಲ್ಲಿ ಗಾದಿ ಏನಿದ್ದರೂ ಬಾಣಂತಿಯರಿಗೆ, ಹಾಸಿಗೆ ಹಿಡಿದ ಮುದುಕರಿಗೆ. ಗಟ್ಟಿಮುಟ್ಟಾದವರು ಅದರ ಮೇಲೆ ಮಲಗುವುದೆಂದರೆ ನಾಚಿಕೆ. ಆದರೆ ಬಳಸದೆ ಕೂಗುವ ಹಾಗಿಲ್ಲವಲ್ಲ. ಮಧ್ಯಾಹ್ನ ರೊಟ್ಟಿ ತಿಂದು, ಆಚೀಚೆ ಯಾರೂ ಇಲ್ಲದ್ದು ನೋಡಿ ಅವಳ ಅಂಗಡಿ ಹೊಕ್ಕೆ. “ಒಂದು ಗಳಿಗಿ ಅಡ್ಡ ಆಗ್ತೀನವ್ವ, ನಾ ಏನು ಮಲಗಾಕ ಬಂದಿಲ್ಲ ಮತ್ತ, ಕೂಗು ಕೊಡಾಕ ಬಂದೀನಿ” ಎಂದೆ.

ಬೆನ್ನು ತಾಗಿದ್ದು ಗೊತ್ತು, ಮುಂದಿನದು ಗೊತ್ತಿಲ್ಲ. ಕಣ್ಣು ಬಿಟ್ಟಾಗ ಪೇಟೆಯಲ್ಲಿ ದೀಪ ಹಚ್ಚುತ್ತಿದ್ದರು. ಭಟ್ಟಿ ತಣ್ಣಗಾಗಿತ್ತು. ಯಾರದೋ ಆಡು ನನ್ನ ಚುರುಮುರಿಯ ಅರ್ಧ ರಾಶಿ ಮೇದು ಅಲ್ಲೇ ಮೆಲುಕು ಹಾಕುತ್ತ ಕೂತಿತ್ತು. ದೇವರಾಣೆ ಹೇಳುತ್ತೇನೆ, ನನಗೆ ಸಿಟ್ಟೇ ಬರಲಿಲ್ಲ. ಸೊಂಟದ ನೋವು ಎಲ್ಲಿ ಹೋಯಿತೆಂದು ಹುಡುಕಿದರೂ ಸಿಗಲಿಲ್ಲ. ಆ ಆಡಿನ ತಲೆ ಸವರಿ ಕಳಿಸಿದೆ ಎಂದರೆ ನೀವೇ ತಿಳಿದುಕೊಳ್ಳಿ.

ನಾನು ಹೇಳಿದ್ದು ಕೇಳಿ ಮರುದಿನ ಜಂಬಣ್ಣ ಬಂದ. ಅದರ ಮರುದಿನ ತಿಪ್ಪಣ್ಣ. ಸೊಂಟ ಹಿಡಿದುಕೊಂಡೇ ಗುರುಸಂಗಪ್ಪನೂ ಬಂದ. ಮೊದಲು ಬೆರಳಿನಿಂದ ಒತ್ತಿ, ಆಮೇಲೆ ಅಂಗೈಯಿಂದ ಒತ್ತಿ, ಕಡೆಗೆ ಹೆದರುತ್ತ ಹೆದರುತ್ತ ಕೂತ. ಎದ್ದವನು ಸಂಜೆಗೆ. “ನಿಮ್ಮ ಅಂಗಡಿಗೆ ಕೂಗು ಕೊಡೋದು ನಮ್ಮ ಧರ್ಮಾರೀ ಬೇ” ಎಂದು ಎಲ್ಲರೂ ಎದೆ ತಟ್ಟಿಕೊಂಡರು. ಧರ್ಮದ ಮೇಲೆ ಭಕ್ತಿ ಎಷ್ಟು ಹೆಚ್ಚಿತೆಂದರೆ ದಿನಾ ಮಧ್ಯಾಹ್ನ ತಪ್ಪದೆ ಬರತೊಡಗಿದರು, ಹೆಂಡಿರನ್ನೂ ಕರೆತಂದರು. ನಾನಂತೂ ಒಂದು ದಿನ ತಪ್ಪಿಸಲಿಲ್ಲ.

ಇಲ್ಲೇ ನಾವು ಕೆಟ್ಟದ್ದು. ಸುತ್ತಲಿನ ಹಳ್ಳಿಯವರು ನಮ್ಮ ಪೇಟೆಗೆ ಬರುವುದೇ ಮಧ್ಯಾಹ್ನ. ಆಗ ಕೂಗು ಕೊಡಬೇಕಾದವರೆಲ್ಲ ರಾಜಬಿಯ ಅಂಗಡಿಯಲ್ಲಿ ಗೊರಕೆ ಹೊಡೆಯುತ್ತಿದ್ದೆವು. ಸಂಜೆ ನಾವು ಎದ್ದು ಬಂದು ‘ಗಾದಿ ಅಂದ್ರ ರಾಜಬೀದು’ ಎಂದು ಗಂಟಲು ಹರಿದುಕೊಂಡರೆ ಕೇಳುವವರು ಯಾರು? ಬೀದಿಯ ನಾಯಿಗಳು. ಒಬ್ಬರ ಮುಖ ಒಬ್ಬರು ನೋಡಿಕೊಂಡು, ‘ನಾಳೆ ಮಲಗೂದು ಬ್ಯಾಡ್ರಪಾ’ ಎನ್ನುತ್ತಿದ್ದೆವು. ನಾಳೆ ಊಟವಾಗುತ್ತಲೇ ಕಾಲು ತಾವಾಗಿಯೇ ಅತ್ತ ನಡೆಯುತ್ತಿದ್ದವು. ರಾಜಬಿ ಬೇಡವೆನ್ನಲಾರಳು, ಚಾದರ ಹೊದಿಸಿ ಮೂಲೆಯಲ್ಲಿ ಕೂತು ಅರಳೆ ಬಿಡಿಸುತ್ತಿದ್ದಳು. ಮಳೆಗಾಲ ಹೋಯಿತು, ಮುಂಜಾನೆ ಮಂಜು ಇಳಿಯತೊಡಗಿತು. ಅವಳ ಅಂಗಡಿಗೆ ಒಂದು ಬೋಣಿಯೂ ಆಗಿರಲಿಲ್ಲ.

ಅಂಥದೇ ಒಂದು ಮಧ್ಯಾಹ್ನ ದಸ್ತಗೀರಸಾಬ ಬಂದ. ನನಗೆ ಎಚ್ಚರವಾದದ್ದು ಅವನ ದನಿಗೆ.

“ಇದೇನು ಅಂಗಡಿ ಐತೇನು, ಛತ್ರ ಐತೇನು? ಪ್ಯಾಟ್ಯಾಗ ಒಂದು ನರಪಿಳ್ಳಿ ಇಲ್ಲ. ಇಲ್ಲಿ ನೋಡಿದ್ರ ಸಾಲಾಗಿ ಬಿದ್ದಾರ!”

ನಾನು ಕಣ್ಣು ಅರೆ ತೆರೆದೆ. ರಾಜಬಿ ಎದ್ದು ನಿಂತಿದ್ದಳು. “ಮೆಲ್ಲಕ ಅಣ್ಣಾ, ಮಲಗ್ಯಾರ” ಎಂದಳು.

“ಎಷ್ಟು ಗಾದಿ ಮಾರಿದಿ?”

ಅವಳು ಕೈಯಲ್ಲಿದ್ದ ಅರಳೆಯನ್ನು ಬಿಡಿಸತೊಡಗಿದಳು.

“ಒಂದು? ಒಂದಾದ್ರೂ?” ಅವನು ಗೋಡೆಗೆ ಒರಗಿಸಿದ್ದ ಬಿಲ್ಲನ್ನು ಕೈಗೆ ತೆಗೆದುಕೊಂಡ. “ನಾ ಮೊದಲ ಹೇಳಿದ್ನಿ. ನಡಿ. ಹೊತ್ತು ಮುಳಗೂದ್ರಾಗ ದಾರಿ ಹಿಡೀಬೇಕು.”

ನನಗೆ ತಡೆಯಲಾಗಲಿಲ್ಲ, ಎದ್ದು ಕೂತೆ. “ಏನ್ರೀ ಸಾಹೇಬ್ರ, ಈಕಿ ಗಾದಿ ಎಂಥಾವು ಅಂತ ನಮ್ಮನ್ನ ಕೇಳ್ರಿ” ಎಂದೆ.

“ಪುಕ್ಕಟೆ ಮಲಗಿದವರ ಸಾಕ್ಷಿ ಯಾಂವ ಕೇಳ್ತಾನ್ರಿ?” ಎಂದುಬಿಟ್ಟ. ಮಾತೇನೂ ಸುಳ್ಳಲ್ಲ. ಅಷ್ಟರಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು, ತಲೆ ತಗ್ಗಿಸಿ ಕೂತರು. ತಿಪ್ಪಣ್ಣನ ಗೊರಕೆ ಮಾತ್ರ ನಡೆದೇ ಇತ್ತು.

ದಸ್ತಗೀರಸಾಬ ತಂಗಿಯ ಕಡೆ ತಿರುಗಿದ. “ಅವರದು ಬಿಡು. ನೀ ಹೇಳು. ನಿನ್ನ ಗಾದಿ ಛಲೋ ಅದಾವ ಅಂತ ನಿನ್ನ ಬಾಯಿಲೆ ಒಂದು ಮಾತು ಹೇಳು. ಬಿಲ್ಲು ಇಲ್ಲೇ ಇಟ್ಟು ಹೊಳ್ಳಿ ಹೋಗ್ತೀನಿ.”

ಅಯ್ಯೋ ದೇವರೇ! ಕೇಳಬಾರದ್ದನ್ನೇ ಕೇಳಿದ. ಅವಳು ಒಂದು ಮಾತು ಆಡಿದರೆ ಅಂಗಡಿ ಉಳಿಯುತ್ತದೆ. ಆಡಿದರೆ ಅಂಗಡಿಯ ಸರಕೆಲ್ಲ ಕಲ್ಲಾಗುತ್ತದೆ, ಅದರ ಮೇಲೆ ಕೂತ ನಮ್ಮ ಸೊಂಟಗಳ ಸಮೇತ. ನಿಯಮವನ್ನು ಅವನಿಗೆ ಹೇಳಿದೆವು. “ಇವೆಲ್ಲಾ ಕಟ್ಟುಕತಿ” ಎಂದು ಕೈ ಝಾಡಿಸಿದ. “ಕೆಲಸ ಬರತಿದ್ರ ಹೇಳತಿದ್ಲು. ನಮ್ಮ ಮನ್ಯಾಗ ಮಾಡ್ತಿದ್ದಿದ್ದೂ ನನ್ನ ಮರ್ಜಿ ಮ್ಯಾಲ ನಡದಿತ್ತು ಬಿಡ್ರಿ.”

ಆ ಮಾತಿಗೆ ನನ್ನ ರಕ್ತ ಕುದಿಯಿತು. ಅವಳ ಕಣ್ಣಲ್ಲಿ ಮಾತ್ರ ನೀರು ಬರಲಿಲ್ಲ. ಬಗ್ಗಿದಳು, ಒಂದು ಗಾದಿಯ ಮೇಲಿನ ಚಾದರ ಕೊಡವಿ ಹಾಸಿದಳು. “ಅಣ್ಣಾ, ಚಕ್ಕಡ್ಯಾಗ ಮೈ ಹಣ್ಣಾಗಿರತೈತಿ. ಒಂದು ಗಳಿಗಿ ಅಡ್ಡ ಆಗು. ಎದ್ದಮ್ಯಾಲ ಬಾ ಅಂದ್ರ ಬರ್ತೀನಿ” ಎಂದಳು. ದನಿ ಸಣ್ಣದೇ, ಆದರೆ ನಡುಗಲಿಲ್ಲ.

ಅವನು ಬಿಲ್ಲನ್ನು ಕೈಬಿಡದೆ ಕೂತ. ಬಿಗಿದುಕೊಂಡೇ ಕೂತಿದ್ದ. ಸ್ವಲ್ಪ ಹೊತ್ತಿಗೆ ಮೊಣಕೈ ಊರಿದ. ಜಂಬಣ್ಣ ಚಹಾ ತರಲೆಂದು ಹೋಗಿ ಬರುವುದರೊಳಗೆ ಬಿಲ್ಲು ಒಂದು ಕಡೆ, ರುಮಾಲು ಒಂದು ಕಡೆ, ಸಾಹೇಬರು ಇನ್ನೊಂದು ಲೋಕದಲ್ಲಿ. ಹೊತ್ತು ಮುಳುಗಿತು, ಏಳಲಿಲ್ಲ. ನಾವು ಅವನ ಎತ್ತುಗಳಿಗೆ ಮೇವು ಹಾಕಿ ಮನೆಗೆ ಹೋದೆವು.

ಬೆಳಿಗ್ಗೆ ಪೇಟೆಯೆಲ್ಲ ಅವಳ ಅಂಗಡಿಯ ಮುಂದೆ ನೆರೆದಿತ್ತು. ಬಿಸಿಲು ಮುಖಕ್ಕೆ ಬಿದ್ದಾಗ ದಸ್ತಗೀರಸಾಬ ಮೈಮುರಿದ. ಕಣ್ಣು ಪೂರ್ತಿ ತೆರೆದಿರಲಿಲ್ಲ, ಎದುರಿಗೆ ಯಾರಿದ್ದಾರೆಂಬ ಖಬರಿರಲಿಲ್ಲ, ಬಾಯಿಂದ ಮಾತು ತಾನಾಗಿ ಬಂತು:

“ಆಹಾಹಾ, ಏನು ಗಾದಿ! ಏನು ಗಾದಿ ಇದು! ಅಪ್ಪ ಇದ್ದಾಗಿಂದ ಇಂಥಾ ನಿದ್ದಿ ಮಾಡಿದ್ದಿಲ್ಲ. ನಮ್ಮ ಅಂಗಡಿ ಗಾದಿ ಅಂದ್ರ ಹಿಂಗ ಇರಬೇಕು!”

ಗುರುಸಂಗಪ್ಪ ಎರಡೂ ಕೈಯಿಂದ ಸೊಂಟ ಹಿಡಿದುಕೊಂಡ. ಇವನ ಪಾಲು ಈ ಅಂಗಡಿಯಲ್ಲಿ ಕೂದಲೆಳೆಯಷ್ಟಿದ್ದರೂ ಮುಗಿಯಿತು. ಎಲ್ಲ ಗಾದಿಯೂ ಬಂಡೆ. ಅಂಗಡಿ ಅವನದೇ ಎಂದು ಆ ಬಂಡೆಗಳೇ ಸಾಕ್ಷಿ ಹೇಳುತ್ತವೆ. ರಾಜಬಿ ಮುಂದೆ ಬಂದಳು. ಅಣ್ಣ ಕೂತ ಗಾದಿಯ ಅಂಚಿಗೆ ಅಂಗೈ ಇಟ್ಟಳು. ಇಟ್ಟು ಒತ್ತಿದಳು.

ಕೈ ಮಣಿಕಟ್ಟಿನವರೆಗೆ ಒಳಗಿಳಿಯಿತು.

ಪಕ್ಕದ ಗಾದಿ ಒತ್ತಿದಳು, ಅದೂ ಹಾಗೇ. ನಾನು ಇನ್ನೊಂದರ ಮೇಲೆ ಧೊಪ್ಪನೆ ಬಿದ್ದು ನೋಡಿದೆ. ಮೆತ್ತಗೆ ಎತ್ತಿ ಕೂರಿಸಿತು. “ಮೆತ್ತಗದಾವೋ! ಎಲ್ಲಾ ಮೆತ್ತಗದಾವೋ!” ಎಂದು ಜಂಬಣ್ಣ ಬೀದಿಗೆ ಓಡಿದ. ಅವನ ಹೆಂಡತಿ, ಪಾಲಿನ ಗುಟ್ಟು ತಿಳಿದ ದಿನದಿಂದ ಅವನ ಜೊತೆ ಸರಿಯಾಗಿ ಮಾತಾಡದವಳು, ಅವನ ಹೆಗಲು ಹಿಡಿದು ಕುಣಿದಳು.

ದಸ್ತಗೀರಸಾಬ ಕಣ್ಣುಜ್ಜಿಕೊಂಡು ಸುತ್ತ ನೋಡಿದ. “ಏನಾತು? ನಾ ಏನಂದ್ನಿ?”

ನಾನು ಹೇಳಬೇಕೆಂದಿದ್ದೆ. ನಾಲಿಗೆಯ ತುದಿಗೇ ಬಂದಿತ್ತು. ಆದರೆ ರಾಜಬಿ ಹೇಳಿದಳು, ಚಹಾದಂಗಡಿ ದಾಟಿ ಆಚೆಯ ಬೇವಿನ ಮರದವರೆಗೂ ಕೇಳುವ ಹಾಗೆ ಹೇಳಿದಳು.

“ನೀ ಹೊಗಳಿದಿ ಅಣ್ಣಾ. ಹೊಗಳಿದ್ರೂ ನನ್ನ ಗಾದಿ ಕೆಡಲಿಲ್ಲ. ಅಂದ್ರ ಇದರಾಗ ನಿನ್ನ ಪಾಲಿಲ್ಲ. ಬಿಲ್ಲು ಅಪ್ಪಂದು ಆಗಿರಬಹುದು. ಅಂಗಡಿ ನನ್ನದು!”

ಅವನು ಗಾದಿಯನ್ನು ಒಮ್ಮೆ ಒತ್ತಿದ, ಇನ್ನೊಮ್ಮೆ ಒತ್ತಿದ. ಕಟ್ಟುಕತೆ ಎಂದವನು ತಂಗಿಯ ಮುಖ ನೋಡಿದ. ಇಷ್ಟು ವರ್ಷ ತನ್ನ ಹೆಸರಿನಲ್ಲಿ ಮಾರಿದ ಗಾದಿಗಳೆಲ್ಲ ನೆನಪಾದವೋ ಏನೋ, ಮುಖ ಕೆಂಪಾಯಿತು. ಬಿಲ್ಲನ್ನು ಎತ್ತಿಕೊಂಡು ಅದು ಇದ್ದಲ್ಲಿಯೇ ಗೋಡೆಗೆ ಒರಗಿಸಿದ. ಆಮೇಲೆ ಅಂಗಿಯ ಕಿಸೆಗೆ ಕೈಹಾಕಿದ. “ಇದನ್ನ ನನಗ ಕೊಡವ್ವ. ಬೋಣಿ ನನ್ನ ಕೈಲೇ ಆಗಲಿ” ಎಂದ. ರಾಜಬಿ ಆ ದುಡ್ಡನ್ನು ಕಣ್ಣಿಗೆ ಒತ್ತಿಕೊಂಡಳು. ಆಗ ಬಂತು ನೋಡಿ ಅವಳಿಗೆ ಅಳು. ನನಗೂ ಬಂತು, ನಾನೇನೂ ಮುಚ್ಚಿಡುವುದಿಲ್ಲ.

ಅವನು ಗಾದಿಯನ್ನು ಚಕ್ಕಡಿಯಲ್ಲಿ ಹಾಕಲಿಲ್ಲ. ಸುರುಳಿ ಸುತ್ತಿ ತಲೆಯ ಮೇಲೆ ಹೊತ್ತ. ಕೊಂಡವರು ಎಷ್ಟು ಹೊಗಳಿದರೂ ಸರಕಿಗೆ ದೋಷವಿಲ್ಲ, ಅವನಿಗೆ ಅಷ್ಟು ಹೇಳಿದ್ದೇ ಸಾಕಾಯಿತು. “ರಾಜಬಿ ಗಾದಿ ರೀ! ನಮ್ಮ ತಂಗಿ ಕೈಯಾಂದು! ಕುಂಭಕರ್ಣನ ನಿದ್ದಿ ಬರತೈತ್ರೀ!” ಎಂದು ಹಳ್ಳಿಯವರು ಬರುವ ಹೊತ್ತಿಗೆ ಸರಿಯಾಗಿ ಪೇಟೆಯ ಈ ತುದಿಯಿಂದ ಆ ತುದಿಗೆ ಸುತ್ತಿದ. ಗಟ್ಟಿಮುಟ್ಟಾದ ಗಂಡಸು ನಾಚಿಕೆ ಬಿಟ್ಟು ಗಾದಿ ಹೊತ್ತದ್ದನ್ನು ಕಂಡ ಜನಕ್ಕೂ ನಾಚಿಕೆ ಬಿಟ್ಟಿತು. ಅವನ ಹಿಂದೆ ನಾನು, ನನ್ನ ಹಿಂದೆ ಗುರುಸಂಗಪ್ಪ, ಜಂಬಣ್ಣ, ತಿಪ್ಪಣ್ಣ. ಆ ಮಧ್ಯಾಹ್ನ ನಮ್ಮಲ್ಲಿ ಒಬ್ಬರೂ ಮಲಗಲಿಲ್ಲ. ಮಲಗೋಣವೆಂದರೂ ಅಂಗಡಿಯಲ್ಲಿ ಒಂದು ಗಾದಿ ಉಳಿದಿರಲಿಲ್ಲ.

ಖಾಲಿ ಅಂಗಡಿಯಿಂದ ರಾಜಬಿ ಹೊರಗೆ ಬಂದಳು. ಸೀದಾ ನನ್ನ ಭಟ್ಟಿಯ ಮೆಟ್ಟಿಲು ಹತ್ತಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೊಗಸೆ ಚುರುಮುರಿ ಬಾಯಿಗೆ ಹಾಕಿಕೊಂಡು, ಅಗಿದು ನುಂಗಿ, ಕತ್ತು ಮೇಲೆತ್ತಿ ಕೂಗಿದಳು: “ನೀಲಕ್ಕನ ಚುರುಮುರಿ ಬರ್ರೋ! ಬಾಯಾಗ ಹಾಕಿದ್ರ ಬಾಜೂ ಊರಿಗೆ ಸಪ್ಪಳ ಕೇಳತೈತಿ! ಬರ್ರೀ!” ಬೇವಿನ ಮರದ ಕಾಗೆಗಳು ಎದ್ದುಹೋದವು. ಹಳ್ಳಿಯ ದಾರಿ ಹಿಡಿದವರು ಹೊರಳಿ ಬಂದರು. ನಾನು ಜರಡಿ ಕೈಯಲ್ಲಿ ಹಿಡಿದು ಸುಮ್ಮನೆ ನಿಂತೆ, ಜನ್ಮದಲ್ಲಿ ಮೊದಲ ಸಲ ಆಡಲು ಒಂದು ಮಾತೂ ಇರಲಿಲ್ಲ. ಆವತ್ತಿನ ಚುರುಮುರಿ ಹೇಗಿತ್ತು ಎಂದು ನನ್ನನ್ನು ಕೇಳಬೇಡಿ. ರಾಜಬಿಯನ್ನು ಕೇಳಿ.